ಮೊಣಕೈ ಊರಿ ಮಲಗುವ ಸೈಕಲ್

ನಮ್ಮ ಕೃಷ್ಣಮೂರ್ತಿಪುರಂ ಶಾಲೆಯ ಪಿ.ಟಿ. ಟೀಚರಮ್ಮ ಕುರ್ಚಿ ಕೊಟ್ಟರೂ ಅಲುಗಾಡಿಸಿಯೇ ಕೂರೋರು. "ಒಂದ್ಸಲ ನೋಡ್ಬುಡೋಣ ಕಣ್ರೀ" ಅನ್ನೋರು. ಬಹುದೂರ ಈಜಿ, ಸೈಕಲ್ ತುಳಿದು, ಓಡುವ ಟ್ರಯಥ್ಲಾನ್ ಪಂದ್ಯಕ್ಕೆ ಹೆಸರು ಕೊಟ್ಟವರು, ಯಾರೋ ಬಳಸಿದ ರೇಸ್ ಸೈಕಲ್ ನೋಡಲು ಮೇಟಗಳ್ಳಿಗೆ ಹೊರಟರು. ಚೌಕಾಸಿಗೆ ಜೊತೆಯಲ್ಲಿ ಹೋದವನು ನಾನು, ಅದೇ ಶಾಲೆಯ ಮೇಷ್ಟ್ರು.

ಮೊಣಕೈ ಊರಿ ಮುಂದಕ್ಕೆ ಮಲಗಿ ತುಳಿಯುವ ಸೈಕಲ್ ಅದು. ಬ್ರೇಕಿಗೆ ಮಾತ್ರ ಎದ್ದು, ಪಕ್ಕದ ಹಿಡಿಗೆ ಕೈ ಚಾಚಬೇಕು. ನಿಮಗೂ ಹೇಳ್ತೀನಿ, ಇಂಥದ್ದಕ್ಕೆ ಅಳತೆ ಮೊದಲು, ಬೆಲೆ ಆಮೇಲೆ.

"ಇದು ಇವರಿಗೆ ಒಂದು ಅಳತೆ ದೊಡ್ಡದು" ಅಂದೆ.

"ಅಭ್ಯಾಸ ಆಗುತ್ತೆ ಬಿಡಿ ಸಾರ್" ಅಂದ ಮಾರುವವನು.

ಟೀಚರಮ್ಮ ಸೈಕಲ್ ಹತ್ತಿ ರಸ್ತೆಗಿಳಿದು, ಹ್ಯಾಂಡಲ್ ಮೇಲೆ ಮಲಗಿಯೇಬಿಟ್ಟರು. ಲಾರಿಯೊಂದು ಪಕ್ಕದಲ್ಲೇ ನುಗ್ಗಿತು. ಅದರ ಗಾಳಿ, ಹಾಯಿಯಂತೆ ಅಡ್ಡನಿಲ್ಲುವ ಅಗಲ ರಿಮ್ಮಿನ ಚಕ್ರಕ್ಕೆ ಬಡಿದು ಸೈಕಲ್ ಚರಂಡಿಯತ್ತ ವಾಲಿತು. ಅವರ ಕೈ ಬ್ರೇಕಿಗಾಗಿ ಬರಿಗಾಳಿಯಲ್ಲಿ ತಡಕಾಡಿತು.

ಹೇಗೋ ಕಾಲೂರಿ ನಿಂತು, ಬಿಳಿಚಿಕೊಂಡು, ತಳ್ಳಿಕೊಂಡು ಬಂದರು. "ಬ್ರೇಕೇ ಸಿಗ್ಲಿಲ್ಲ ಕಣ್ರೀ."

ಮಾರುವವನು ತಾನಾಗಿಯೇ ಬೆಲೆ ಇಳಿಸಿದ. ಕೇಳದೆ ಇಳಿದ ಬೆಲೆ ಕಂಡು ನನ್ನ ದಿಗಿಲು ಇನ್ನೂ ಹೆಚ್ಚಿತು.

ಟೀಚರಮ್ಮ ಬೆವೆತ ಅಂಗೈ ಒರೆಸಿಕೊಂಡು, "ಇನ್ನೊಂದ್ಸಲ ನೋಡ್ಬುಡೋಣ" ಎಂದು ಸೈಕಲ್ ಹತ್ತಲು ಕಾಲೆತ್ತಿದರು.

ನಾನು ಹಿಂದಿನಿಂದ ಸೀಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಬೈದರೂ ಬಿಡಲಿಲ್ಲ.