ಅಕ್ಕ ನನಗೊಬ್ಬಳಿಗೇ ಹೇಳಿದ್ದು

ಮೀನು ಮಾರುವ ಅಕ್ಕನ ಎಡಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಎಂದೋ ಮೀನಿನ ಮುಳ್ಳು ಹೊಕ್ಕು, ಕೀವಾಗಿ, ಬಿದ್ದುಹೋದ ಉಗುರು ಮತ್ತೆ ಹುಟ್ಟಿರಲಿಲ್ಲ. ಆ ನುಣುಪು ಹೆಬ್ಬೆರಳನ್ನೇ ಬಂಗುಡೆಯ ಕಿವಿರಿನೊಳಗೆ ತೂರಿಸಿ, ಒಳಗಿನ ಕೆಂಪು ಕಾಣುವಂತೆ ಗಿರಾಕಿಗಳ ಮುಂದೆ ಹಿಡಿಯುತ್ತಿದ್ದರು. ಕೆಂಪು ಮಾಸಿದ್ದರೆ ಅದನ್ನೂ ತೋರಿಸಿಯೇ ಕೊಡುತ್ತಿದ್ದರು. "ಇದು ನಿನ್ನೆಯದ್ದು. ಹುರಿಯಲಿಕ್ಕೆ ಬೇಡ, ಹುಳಿ ಖಾರ ಹಾಕಿ ಪುಳಿಮುಂಚಿ ಮಾಡಿ" ಎನ್ನುತ್ತಿದ್ದರು.

ಪಡೀಲಿನಲ್ಲಿ ರೈಲು ನಿಲ್ದಾಣದ ಕಡೆಗೆ ತಿರುಗುವ ರಸ್ತೆಯ ಮೂಲೆಯಲ್ಲಿ, ನೀಲಿ ಟಾರ್ಪಾಲಿನ ಕೆಳಗೆ ಅವರ ಜಾಗ. ಬೆಳಿಗ್ಗೆ ಬೋಟುಗಳು ಬಂದು ನಿಲ್ಲುವ ದಕ್ಕೆಯಿಂದ ಮೀನು ಕೊಂಡು ರಿಕ್ಷಾದಲ್ಲಿ ಬಂದಿಳಿಯುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಬುಟ್ಟಿ ತೊಳೆದು, ತೊಕ್ಕೊಟ್ಟಿನ ಆಚೆ ಕಡಲ ಬದಿಯಲ್ಲಿದ್ದ ಮನೆಗೆ ಬಸ್ಸು ಹತ್ತುತ್ತಿದ್ದರು.

ಆಗ ನನಗೆ ಇಪ್ಪತ್ತನಾಲ್ಕು. ಸಾಕ್ಷ್ಯಚಿತ್ರ ಮಾಡುತ್ತೇನೆಂದು ಹಟ ಹಿಡಿದು ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಒಂದನ್ನು ಕೊಂಡಿದ್ದೆ. ಅಪ್ಪ ಅಮ್ಮ ಅಣ್ಣನ ಮಗುವನ್ನು ನೋಡಿಕೊಳ್ಳಲು ಮಸ್ಕತ್‌ಗೆ ಹೋಗಿದ್ದರು. ಜೊತೆಯಲ್ಲಿ ಓದಿದವರೆಲ್ಲ ಮುಂಬೈ ಸೇರಿದ್ದರು. ಪಡೀಲಿನ ಎರಡನೇ ಮಹಡಿಯ ಫ್ಲ್ಯಾಟಿನಲ್ಲಿ ನಾನೊಬ್ಬಳೇ. ಮದುವೆ ಸೀಸನ್ನಿನಲ್ಲಿ ಸ್ಟುಡಿಯೋದವರು ಕರೆದರೆ ವಿಡಿಯೋ ಮಾಡಲು ಹೋಗುತ್ತಿದ್ದೆ. ಉಳಿದ ದಿನಗಳಲ್ಲಿ "ಅರ್ಧ ಕಿಲೋ ಬೂತಾಯಿ" ಎಂಬುದೊಂದೇ ನಾನು ಬಾಯಿಬಿಟ್ಟು ಆಡುತ್ತಿದ್ದ ಮಾತು. ಅದನ್ನು ಅಕ್ಕನಿಗೆ ಹೇಳುತ್ತಿದ್ದೆ. ಅವರು ಮೀನು ಕೊಡುವ ಮೊದಲು "ಒಣಸ್ ಆಂಡಾ, ಬಾಲೆ?" ಎಂದು ಕೇಳುತ್ತಿದ್ದರು. ಊಟ ಆಯಿತಾ, ಮಗೂ ಎಂದು. ನಾನು ಉಂಡೆನೋ ಇಲ್ಲವೋ ಎಂದು ಕೇಳುವವರು ಊರಿನಲ್ಲಿ ಬೇರೆ ಯಾರೂ ಇರಲಿಲ್ಲ.

ಅವರ ಗಂಡ ಮೀನಿನ ಬೋಟಿನಲ್ಲಿ ದುಡಿಯುತ್ತಿದ್ದವರು, ಹತ್ತು ಹನ್ನೆರಡು ವರ್ಷದ ಹಿಂದೆ ರಾತ್ರಿ ನೀರಿಗೆ ಬಿದ್ದು ಹೆಣವೂ ಸಿಗಲಿಲ್ಲ ಎಂದು ಪಕ್ಕದ ಮೀನಿನ ಹೆಂಗಸು ಒಮ್ಮೆ ನನಗೆ ಹೇಳಿದಳು. "ಆದರೂ ನೋಡಿ, ಕುಂಕುಮ ತೆಗೀಲಿಲ್ಲ, ಕರಿಮಣಿ ತೆಗೀಲಿಲ್ಲ. ಪರಿಹಾರದ ಅರ್ಜಿಗೆ ಸಹಿ ಹಾಕಲಿಕ್ಕೂ ಒಪ್ಪಲಿಲ್ಲ. ಗಂಡ ಬರ್ತಾರೆ ಅಂತ ಅವಳಿಗೆ ನಂಬಿಕೆ."

ನನ್ನ ಮೊದಲ ಚಿತ್ರ ಸಿಕ್ಕಿತು ಎಂದುಕೊಂಡೆ.

ಕೇಳಿದಾಗ ಅಕ್ಕ ಬೇಡ ಅನ್ನಲಿಲ್ಲ. ನಾನು ಒಂಟಿಯಾಗಿರುವುದನ್ನು ನೋಡಿ ಪಾಪ ಎನಿಸಿ ಒಪ್ಪಿದ್ದಿರಬೇಕು. ತೊಂದರೆ ಶುರುವಾದದ್ದು ಆಮೇಲೆ. ನಾವಿಬ್ಬರೂ ಮಾತಾಡುತ್ತಿದ್ದುದು ತುಳುವಿನಲ್ಲಿ. ಕ್ಯಾಮೆರಾ ಇಟ್ಟ ಕೂಡಲೇ ಅಕ್ಕ ಸೆರಗು ಸರಿಮಾಡಿಕೊಂಡು ಕನ್ನಡಕ್ಕೆ ತಿರುಗುತ್ತಿದ್ದರು. "ನನ್ನ ಪತಿಯವರು ಸಮುದ್ರಕ್ಕೆ ತೆರಳಿದವರು ಹಿಂದಿರುಗಲಿಲ್ಲ" ಎಂದು ವಾರ್ತೆ ಓದಿದಂತೆ ಹೇಳಿ ನನ್ನ ಮುಖ ನೋಡುತ್ತಿದ್ದರು.

"ಅಕ್ಕ, ತುಳುವಿನಲ್ಲೇ ಹೇಳಿ."

"ಟಿವಿಗೆ ಕನ್ನಡ ಅಲ್ವಾ ಬೇಕಾದ್ದು? ನಾನು ಏಳನೇ ಕ್ಲಾಸ್ ಪಾಸ್ ಆದವಳು ಮಾರಾಯ್ತಿ."

ಏಳೆಂಟು ತಿಂಗಳು ಹೀಗೇ ಹೋಯಿತು. ನನ್ನ ಕ್ಯಾಮೆರಾದಲ್ಲಿ ಅವರು ಮೀನು ಆಯುವುದು, ಬುಟ್ಟಿ ತೊಳೆಯುವುದು, ಬಸ್ಸಿಗೆ ಕಾಯುವುದು ಎಲ್ಲವೂ ಇತ್ತು. ಅವರ ಮಾತು ಮಾತ್ರ ಇರಲಿಲ್ಲ.

ಬೋಟುಗಳು ಕಡಲಿಗಿಳಿಯದ ಮಳೆಗಾಲದ ತಿಂಗಳಲ್ಲಿ ಒಂದು ಮಧ್ಯಾಹ್ನ ಅವರ ಮನೆಗೆ ಹೋಗಿದ್ದೆ. ಸ್ವಲ್ಪ ಹೊತ್ತಿಗೆ ಕ್ಯಾಮೆರಾದ ಬ್ಯಾಟರಿ ಮುಗಿಯಿತು. ಅದನ್ನು ಚೀಲಕ್ಕೆ ಹಾಕಿ ಊಟಕ್ಕೆ ಕುಳಿತೆ. ಸೆರಗಿಗೆ ಸಿಕ್ಕಿಸಿದ್ದ ಸಣ್ಣ ಮೈಕನ್ನು ಅಕ್ಕ ಮರೆತಿದ್ದರು. ನಾನು ಮರೆತಿರಲಿಲ್ಲ. ನನ್ನ ಪಕ್ಕದಲ್ಲಿದ್ದ ರೆಕಾರ್ಡರಿನ ಕೆಂಪು ದೀಪ ಉರಿಯುತ್ತಿತ್ತು. ಕೈ ನೀಡಿದರೆ ಆರಿಸಬಹುದಿತ್ತು.

ನನ್ನ ತಟ್ಟೆಗೆ ಇನ್ನಷ್ಟು ಗಂಜಿ ಬಡಿಸಿ ಅಕ್ಕ ಕೇಳಿದರು, "ನಿನ್ನ ಸಿನೆಮಾದಲ್ಲಿ ಅವರು ಸತ್ತದ್ದು ಅಂತಲೇ ಹಾಕ್ತೀಯಾ?"

"ಅಲ್ಲದೆ ಮತ್ತೆಂತ, ಅಕ್ಕ?"

"ಸತ್ತಿಲ್ಲ ಬಾಲೆ. ನೀರಿಗೆ ಬೀಳಲೂ ಇಲ್ಲ."

ಬಡಗಣ ದಿಕ್ಕಿನ ಒಂದು ಬಂದರಿನಲ್ಲಿ, ಬೋಟು ಹೊರಡುವ ಮೊದಲೇ ಅಕ್ಕನ ಗಂಡ ಸದ್ದಿಲ್ಲದೆ ಇಳಿದುಹೋಗಿದ್ದರು. ನೀರಿಗೆ ಬಿದ್ದರೆಂದು ಹೇಳಿದವನು ಅದೇ ಬೋಟಿನಲ್ಲಿದ್ದ ಅವರ ಗೆಳೆಯ. ಎರಡು ವರ್ಷದ ಬಳಿಕ ಆ ಗೆಳೆಯನೇ ಕಾಯಿಲೆ ಬಿದ್ದು, ಸಾಯುವ ಮೊದಲು ಅಕ್ಕನನ್ನು ಕರೆಸಿ ನಿಜ ಹೇಳಿದ. ಅಕ್ಕ ಯಾರಿಗೂ ಹೇಳಲಿಲ್ಲ. ತವರಿಗೆ ಹೋಗುತ್ತೇನೆಂದು ಮಗಳಿಗೆ ಸುಳ್ಳು ಹೇಳಿ, ಪಡೀಲಿನಲ್ಲೇ ರೈಲು ಹತ್ತಿದರು.

"ಕೇಳಿ ಕೇಳಿ ಹೋದೆ. ಅಲ್ಲಿ ಕಂಡರು. ಬಲೆ ಸರಿ ಮಾಡ್ತಾ ಕೂತಿದ್ರು. ಪಕ್ಕದಲ್ಲಿ ಒಂದು ಸಣ್ಣ ಮಗು, ದಾರದ ಉಂಡೆ ಹಿಡ್ಕೊಂಡು. ನಾನು ಐಸಿನ ಲಾರಿಯ ಹಿಂದೆ ನಿಂತು ನೋಡಿದೆ. ಕೂದಲು ಬೆಳ್ಳಗಾಗಿತ್ತು. ಕರೆಯುವ ಅಂತ ಬಾಯಿವರೆಗೆ ಬಂತು. ಕರೆದು ಎಂತ ಹೇಳುವುದು? ಹೋಟೆಲಿಗೆ ಹೋಗಿ ಊಟ ಮಾಡಿದೆ. ರೈಲು ಹತ್ತಿ ಬಂದೆ."

ಸೌಟನ್ನು ಗಂಜಿಯ ಪಾತ್ರೆಗೆ ಹಾಕಿ ಅಂದರು, "ಗಂಡ ಬದುಕಿರುವಾಗ ಕುಂಕುಮ ಹೇಗೆ ತೆಗೆಯುವುದು? ಆದರೆ ಇದು ಮಗಳಿಗೆ ಗೊತ್ತಾಗಬಾರದು. ಅಪ್ಪ ಅಂದ್ರೆ ಅವಳಿಗೆ ಪ್ರಾಣ. ಕಡಲು ತೆಗೊಂಡು ಹೋಯ್ತು ಅಂತ ಇದ್ದರೆ ಇರಲಿ."

ಯಾರಿಗೂ ಹೇಳುವುದಿಲ್ಲವೆಂದು ತಲೆಯಾಡಿಸಿದೆ. ರೆಕಾರ್ಡರ್ ಓಡುತ್ತಿತ್ತು.

ಆ ಹನ್ನೊಂದು ನಿಮಿಷದ ಮಾತಿನ ಮೇಲೆ ಆರು ವಾರ ಕೂತೆ. ಫ್ಲ್ಯಾಟಿನ ಬಾಗಿಲು ಹಾಕಿಕೊಂಡು, ಕಿವಿಗೆ ಹೆಡ್‌ಫೋನ್ ಹಾಕಿ, ಅದನ್ನು ಕತ್ತರಿಸಿ ಜೋಡಿಸಿ ನೂರಾರು ಸಲ ಕೇಳಿದೆ. ಇಂಗ್ಲಿಷಿಗೆ ಅನುವಾದಿಸಿ ತೆರೆಯ ಕೆಳಗೆ ಬರೆದೆ. ಹೊಸಬರ ಚಿತ್ರಗಳಿಗೆ ನೆರವು ಕೊಡಿಸುತ್ತಿದ್ದ ದೆಹಲಿಯ ಮಹಿಳೆಯೊಬ್ಬರಿಗೆ ಕಳಿಸಿದೆ. ನಿಮ್ಮ ಚಿತ್ರವೆಂದರೆ ಈ ಹನ್ನೊಂದು ನಿಮಿಷ, ಉಳಿದದ್ದನ್ನು ಇದರ ಸುತ್ತ ಕಟ್ಟಿ ಎಂದು ಅವರು ಬರೆದರು. ಅಂದು ಖುಷಿಯನ್ನು ಹೇಳಿಕೊಳ್ಳಲು ಫೋನ್ ಎತ್ತಿಕೊಂಡೆ. ಯಾರಿಗೆ ಹೇಳುವುದೆಂದು ಹೊಳೆಯಲಿಲ್ಲ. ಹೇಳಬೇಕೆನಿಸಿದ ಒಬ್ಬರೇ ಒಬ್ಬರು ಅಕ್ಕ.

ಮರುದಿನ ಲ್ಯಾಪ್‌ಟಾಪ್ ಹಿಡಿದು ಅವರ ಮನೆಗೆ ಹೋದೆ. ಒಪ್ಪಿಸಬಹುದು ಎಂದುಕೊಂಡಿದ್ದೆ. ಅಡುಗೆಮನೆಯಲ್ಲಿ ಕುಳಿತು ಅಕ್ಕ ತಮ್ಮ ದನಿಯನ್ನು ಕೊನೆಯವರೆಗೂ ಕೇಳಿದರು. ಬೈಯಲಿಲ್ಲ, ಅಳಲಿಲ್ಲ.

"ಇದನ್ನು ಯಾರು ಯಾರು ಕೇಳಿದ್ದಾರೆ?"

"ಒಬ್ಬರೇ. ದೆಹಲಿಯಲ್ಲಿ."

"ಅವರಿಗೆ ತುಳು ಬರ್ತದಾ?"

"ಇಲ್ಲ. ನಾನು ಅರ್ಥ ಬರೆದು ಕೊಟ್ಟಿದ್ದೇನೆ."

ಅಕ್ಕ ಎದ್ದು ಒಲೆಯ ಮೇಲಿದ್ದ ಪಾತ್ರೆಯನ್ನು ಕೆಳಗಿಳಿಸಿ ಬಂದರು. "ನಾನು ನಿನಗೆ ಹೇಳಿದ್ದು. ಆ ಪೆಟ್ಟಿಗೆಗೆ ಹೇಳಿದ್ದಲ್ಲ" ಎಂದರು. ಅಳಿಸುತ್ತೇನೆ ಎಂದೆ.

"ಈಗಲೇ ಅಳಿಸು. ನಾನು ನೋಡ್ತೇನೆ."

ಅವರೆದುರಿಗೇ ಅಳಿಸಿದೆ. ಡಿಸ್ಕಿನಲ್ಲಿದ್ದುದನ್ನೂ ಅಳಿಸಿದೆ. ದೆಹಲಿಯ ಮಹಿಳೆಗೆ ಬರೆದೆ. ಅವರು ತಮ್ಮ ಬಳಿ ಇದ್ದುದನ್ನು ಅಳಿಸಿದ್ದಾಗಿ ತಿಳಿಸಿ, ಇದಿಲ್ಲದ ಚಿತ್ರದಲ್ಲಿ ತಮಗೆ ಆಸಕ್ತಿಯಿಲ್ಲವೆಂದೂ ಸೇರಿಸಿದರು.

ಮರುವಾರ ಮೀನಿಗೆ ಹೋದಾಗ ಅಕ್ಕ ಎಂದಿನಂತೆ ಕಿವಿರು ಬಿಡಿಸಿ ತೋರಿಸಿದರು. "ಎಷ್ಟು ಬೇಕು ನಿಮಗೆ?" ಎಂದರು. ತುಳುವಿನಲ್ಲಿ ನೀನು ಎನ್ನಲು 'ಈ', ನೀವು ಎನ್ನಲು 'ಈರ್'. ಒಂದೂವರೆ ವರ್ಷ ನನಗೆ 'ಈ' ಆಗಿದ್ದುದು ಅಂದಿನಿಂದ 'ಈರ್' ಆಯಿತು. ಬೈದಿದ್ದರೆ ಸಹಿಸಬಹುದಿತ್ತು. ಆ ಮರ್ಯಾದೆಯನ್ನು ಹೊತ್ತುಕೊಂಡು ಮೂರು ತಿಂಗಳು ಮೀನು ಕೊಂಡೆ. ಬೇರೆ ಕಡೆ ಕೊಳ್ಳಬಹುದಿತ್ತು, ಮನಸ್ಸಾಗಲಿಲ್ಲ. ಆಮೇಲೆ ಒಂದು ದಿನ ನನಗೆ ಜ್ವರ. ಸ್ವೆಟರ್ ಹಾಕಿಕೊಂಡು ಹೋಗಿದ್ದೆ. ಅಕ್ಕ ತುಂಬ ಹೊತ್ತು ನನ್ನನ್ನು ನೋಡಿ, "ಒಣಸ್ ಆಂಡಾ, ಬಾಲೆ?" ಎಂದರು. ರಸ್ತೆಯ ಬದಿಯಲ್ಲೇ ನಿಂತು ಅತ್ತೆ.

ಚಿತ್ರ ಇಪ್ಪತ್ತೆರಡು ನಿಮಿಷದ್ದಾಯಿತು. ಅಕ್ಕನ ಕೈಗಳು, ಬುಟ್ಟಿ, ಬಸ್ಸು, ಅದು ದಾಟುವ ಸೇತುವೆ. ಒಂದು ಕಾಲೇಜಿನಲ್ಲಿ ತೋರಿಸಿದಾಗ ಮೂವತ್ತು ಜನ ನೋಡಿದರು. ಅದರಲ್ಲಿ ಕಥೆಯೇ ಇಲ್ಲವೆಂದು ಒಬ್ಬರು ಎದ್ದುನಿಂತು ಹೇಳಿದರು. ಹಿಂದಿನ ಸಾಲಿನಲ್ಲಿದ್ದ ಅಕ್ಕ ನನ್ನ ಕಡೆ ನೋಡಲಿಲ್ಲ. ಹೊರಗೆ ಬಂದ ಮೇಲೆ ನನ್ನ ಬೆನ್ನ ಮೇಲೆ ಒಮ್ಮೆ ಕೈಯಿಟ್ಟರು, ಅಷ್ಟೆ.

ಕಳೆದ ವರ್ಷ ಒಂದು ಸೋಮವಾರ ಟಾರ್ಪಾಲಿನ ಕೆಳಗೆ ಅವರ ಜಾಗ ಖಾಲಿಯಿತ್ತು. ಹಿಂದಿನ ದಿನ ಬೆಳಿಗ್ಗೆ ಎದೆನೋವೆಂದು ಕುಳಿತವರು ಮತ್ತೆ ಏಳಲಿಲ್ಲವಂತೆ. ನನಗೆ ತಿಳಿಸಬೇಕೆಂದು ಯಾರಿಗೂ ಅನಿಸಿರಲಿಲ್ಲ. ಅನಿಸಲು ನಾನು ಅವರಿಗೆ ಏನೂ ಆಗಬೇಕಾಗಿರಲಿಲ್ಲ.

ತಿಂಗಳು ಕಳೆದ ಮೇಲೆ ಅವರ ಮಗಳು ಕುಲಶೇಖರದ ಗಂಡನ ಮನೆಯಿಂದ ನನ್ನನ್ನು ಹುಡುಕಿಕೊಂಡು ಫ್ಲ್ಯಾಟಿಗೆ ಬಂದಳು. ಅಮ್ಮನ ದನಿ ಬೇಕಿತ್ತು ಅವಳಿಗೆ. ಇದ್ದದ್ದನ್ನೆಲ್ಲ ಹಾಕಿ ಕೇಳಿಸಿದೆ. "ನನ್ನ ಪತಿಯವರು ಸಮುದ್ರಕ್ಕೆ ತೆರಳಿದವರು" ಎಂದು ಅಕ್ಕ ಓದುತ್ತಿದ್ದಂತೆ ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಗುತ್ತಿದ್ದಾಳೆ ಎಂದುಕೊಂಡೆ.

"ಅಪ್ಪ ಇದ್ದಾರೆ," ಎಂದಳು. "ನನ್ನ ಗಂಡ ಬೋಟಿನ ಇಂಜಿನ್ ರಿಪೇರಿಗೆ ಹೋದವರು ನಾಲ್ಕು ವರ್ಷದ ಹಿಂದೆ ನೋಡಿ ಬಂದಿದ್ದಾರೆ. ಅಲ್ಲಿ ಬೇರೆ ಸಂಸಾರ ಉಂಟು. ಅಮ್ಮನಿಗೆ ಹೇಳ್ಲೇ ಇಲ್ಲ ನಾನು. ಕುಂಕುಮ ಇಟ್ಕೊಂಡು ಕಾಯ್ತಿದ್ರಲ್ಲ, ಹೇಗೆ ಹೇಳುವುದು? ಏನೂ ಗೊತ್ತಿಲ್ಲದೆ ಹೋದ್ರು."

ಯಾರಿಗೆ ಗೊತ್ತಾಗಬಾರದೆಂದು ಅಕ್ಕ ಕೇಳಿಕೊಂಡಿದ್ದರೋ ಅವಳಿಗೆ ಆಗಲೇ ಗೊತ್ತಿತ್ತು. ಒಬ್ಬರ ಮನಸ್ಸು ಒಡೆಯಬಾರದೆಂದು ಇನ್ನೊಬ್ಬರು ಒಂದೇ ಮಾತನ್ನು ಬಚ್ಚಿಟ್ಟುಕೊಂಡು, ಒಂದೇ ಜಗಲಿಯಲ್ಲಿ ಕುಳಿತು ಚಹಾ ಕುಡಿದಿದ್ದರು. ನಾನು ಕೊಟ್ಟ ಮಾತಿಗೆ ಕಾರಣವೇ ಉಳಿದಿರಲಿಲ್ಲ.

"ಅಮ್ಮನಿಗೆ ಗೊತ್ತಿತ್ತು," ಎಂದೆ.

ಅಳಿಸಿದ ಆ ಮಾತನ್ನು ಕೇಳಿಸಲು ನನ್ನ ಬಳಿ ಏನೂ ಇರಲಿಲ್ಲ. ಆದರೆ ಆರು ವಾರ ಕೇಳಿದ ಆ ಹನ್ನೊಂದು ನಿಮಿಷ ನನಗೆ ಬಾಯಿಪಾಠವಾಗಿತ್ತು. ಎಲ್ಲಿ ಗಂಜಿಯ ಸೌಟು ಸದ್ದು ಮಾಡಿತ್ತು, ಎಲ್ಲಿ ಅಕ್ಕ ಉಸಿರೆಳೆದಿದ್ದರು, ಯಾವ ಮಾತಿನ ಬಳಿಕ ಎಷ್ಟು ಹೊತ್ತು ಸುಮ್ಮನಿದ್ದರು, ಎಲ್ಲವೂ. ಕಣ್ಣು ಮುಚ್ಚಿಕೊಂಡು ಅವರ ತುಳುವಿನಲ್ಲಿ, ಅವರ ಮಾತುಗಳಲ್ಲೇ ಹೇಳಿದೆ. ಕ್ಯಾಮೆರಾ ಚೀಲದೊಳಗಿತ್ತು. ಇದನ್ನು ಹೀಗೆ ಬರೆಯಲು ಆಮೇಲೆ ಒಪ್ಪಿದವಳೂ ಅವಳೇ. ನಮ್ಮ ಹೆಸರು, ಅಪ್ಪ ಇರುವ ಊರು ಬೇಡ ಎಂದಳು.

ಹೇಳಿ ಮುಗಿಸಿದಾಗ ಅವಳು ಕೇಳಿದಳು.

"ಒಬ್ಬರೇ ಹೋಗಿದ್ರಾ, ಅಷ್ಟು ದೂರ?"

"ಹೌದು."

"ನನ್ನನ್ನು ಕರೀಬಹುದಿತ್ತು," ಎಂದಳು. ಸೆರಗಿನಿಂದ ಮುಖ ಒರೆಸಿಕೊಂಡು, "ಇನ್ನೊಂದು ಸಲ ಹೇಳ್ತೀರಾ? ಮೊದಲಿನಿಂದ," ಎಂದಳು.

ಮೊದಲಿನಿಂದ ಹೇಳಿದೆ.