ಮೇಣದ ಕೊಳವೆಯಲ್ಲಿದ್ದ ದನಿ

ದೆವ್ವ, ಗಾಳಿ, ಸತ್ತವರು ಬಂದು ಮಾತಾಡಿದ್ದು, ಇಂಥವನ್ನು ನಾನು ನಂಬಿದವನಲ್ಲ. ನಂಬದೆ ಸುಮ್ಮನಿದ್ದಿದ್ದರೆ ಚಿಂತೆಯಿರಲಿಲ್ಲ, ನಂಬುವವರನ್ನು ಕೆಣಕಿ ಮಜಾ ನೋಡುವ ಚಟವೂ ನನಗಿತ್ತು. ಆಗ ನಾನು ದಾಂಡೇಲಿಯ ಕಾಗದದ ಕಾರ್ಖಾನೆಯ ಉಗ್ರಾಣದಲ್ಲಿ ಗುಮಾಸ್ತ. ಬಂಗೂರನಗರದ ಕ್ವಾರ್ಟರ್ಸಿನ ಕಟ್ಟೆಯ ಮೇಲೆ ಸಂಜೆ ಹರಟೆಗೆ ಕೂತಾಗ ಯಾರಾದರೂ ಅಣಶಿ ಘಾಟಿನಲ್ಲಿ ಬಿಳಿ ಸೀರೆಯವಳನ್ನು ಕಂಡ ಕಥೆ ತೆಗೆದರೆ, "ಸೀರಿ ಮಗ್ಗದ್ದೋ, ಗಿರಣೀದೋ?" ಎಂದು ಕೇಳಿ ಅವರ ಬಾಯಿ ಮುಚ್ಚಿಸುತ್ತಿದ್ದೆ. ಹಾಗಾಗಿ ಈಗ ಇದನ್ನು ಓದಿ ನೀವು ನಕ್ಕರೆ ಬೇಡ ಅನ್ನುವ ಹಕ್ಕು ನನಗಿಲ್ಲ. ಇನ್ನೊಂದು ಮಾತು. ಇಂಥ ಕಥೆಗಳಿಗೆ ಅಮಾವಾಸ್ಯೆಯ ಕತ್ತಲೆ ಬೇಕಂತೆ. ನನಗಾದದ್ದು ಮಟಮಟ ಮಧ್ಯಾಹ್ನ, ನಾಲ್ಕು ಜನ ಕೂತಿದ್ದ ಮನೆಯಲ್ಲಿ.

ನನಗಿದ್ದ ಹುಚ್ಚು ಹಳೆಯ ಗ್ರಾಮೋಫೋನುಗಳದ್ದು. ಮನೆಯಲ್ಲಿ ಆರು ಇದ್ದವು. ಅದಕ್ಕಿಂತ ಹೆಚ್ಚು ಇಡಲು ಜಾಗವೂ ಇರಲಿಲ್ಲ, ಸಂಬಳವೂ ಸಾಲುತ್ತಿರಲಿಲ್ಲ. ಆದ್ದರಿಂದ ಊರೂರು ತಿರುಗಿ, ಯಾರ ಮನೆಯಲ್ಲಿ ಎಂಥ ಯಂತ್ರ ಇದೆ ಎಂದು ಗುರುತಿಸಿ ಪಟ್ಟಿ ಮಾಡುವುದರಲ್ಲೇ ತೃಪ್ತಿ ಪಡುತ್ತಿದ್ದೆ. ಭಾನುವಾರ ಬಂತೆಂದರೆ ಚೀಲದಲ್ಲಿ ಸ್ಕ್ರೂಡ್ರೈವರ್, ಬ್ಯಾಟರಿ, ಎಣ್ಣೆಯ ಬಾಟಲಿ, ಒಂದಷ್ಟು ರಟ್ಟಿನ ಕಾರ್ಡು ಹಾಕಿಕೊಂಡು ಹಳಿಯಾಳದ ಬಸ್ಸು ಹತ್ತುತ್ತಿದ್ದೆ. ಒಂದು ಯಂತ್ರಕ್ಕೆ ಒಂದು ಕಾರ್ಡು. ಪೆಟ್ಟಿಗೆ ಯಾವ ಮರದ್ದು, ಒಳಗೆ ಸ್ಪ್ರಿಂಗ್ ಒಂದೋ ಎರಡೋ, ಕಹಳೆ ಹೊರಗಿದೆಯೋ ಒಳಗಿದೆಯೋ, ತಳದಲ್ಲಿ ಹೊಡೆದ ನಂಬರು ಎಷ್ಟು, ಎಲ್ಲವನ್ನೂ ಬರೆಯುತ್ತಿದ್ದೆ. ಮುಂಡಗೋಡದ ಒಂದು ಮನೆಯಲ್ಲಿ ಪೆಟ್ಟಿಗೆ ಒಂದು ಕಂಪನಿಯದು, ತೋಳು ಇನ್ನೊಂದರದು, ಕಹಳೆಯನ್ನು ಊರಿನ ಕಂಚುಗಾರರೇ ಬಡಿದು ಮಾಡಿದ್ದರು. ಅದನ್ನು ಬಿಡಿಸಿ ಬರೆಯಲು ನನಗೆ ಮೂರು ಕಾರ್ಡು ಬೇಕಾದವು.

ಹಳಿಯಾಳದ ಒಬ್ಬ ಅಡತಿ ವ್ಯಾಪಾರಿಯ ಮನೆಯಲ್ಲಿ ಗ್ರಾಮೋಫೋನು ತಾನಾಗಿ ತಿರುಗುತ್ತದೆ ಎಂದು ಹೆದರಿ, ಅದಕ್ಕೆ ವಿಭೂತಿ ಬಳಿದು ಅಟ್ಟಕ್ಕೆ ಹಾಕಿದ್ದರು. ಬಿಚ್ಚಿ ನೋಡಿದರೆ ತಟ್ಟೆಯನ್ನು ಹಿಡಿದು ನಿಲ್ಲಿಸುವ ತಡೆಯ ತೊಗಲು ಸವೆದುಹೋಗಿತ್ತು. ಚಾವಿ ಅರ್ಧ ಉಳಿದಿದ್ದ ಸ್ಪ್ರಿಂಗ್ ಆಗಾಗ ಸಡಿಲುತ್ತಿತ್ತು, ಅಷ್ಟೆ. ಹಳೆಯ ಚಪ್ಪಲಿಯ ಚೂರು ಅಂಟಿಸಿ ಆ ದೆವ್ವ ಬಿಡಿಸಿ ಬಂದೆ. ಈ ಸಾಹಸವನ್ನು ಎಷ್ಟು ಸಲ ಹೇಳಿಕೊಂಡು ತಿರುಗಿದೆನೋ ಲೆಕ್ಕವಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತ ಬಂದ ಕಾಲ. ಹಳಿಯಾಳದಿಂದ ಮುಂದೆ ಕಾಡಿನ ಅಂಚಿನ ಒಂದು ಸಿದ್ದಿ ಕೇರಿಯಲ್ಲಿ 'ಹಾಡೋ ಪೆಟ್ಟಿಗಿ' ಇದೆ ಎಂದು ಯಾರೋ ಹೇಳಿದರು. ಬಸ್ಸಿಳಿದು ಒಂದು ತಾಸು ನಡೆದೆ. ಮನೆಯೊಡತಿ ಕತ್ರಿನ್‌ಬಾಯಿಗೆ ಎಪ್ಪತ್ತು ದಾಟಿತ್ತು. ಜೊತೆಗೆ ಮಗ ಜುಜೆ, ಅವನಿಗೂ ಐವತ್ತರ ಹತ್ತಿರ. ಮೂಲೆಯಲ್ಲಿ ಶಿಲುಬೆ, ಅದರ ಕೆಳಗೆ ಸತ್ತ ಹಿರಿಯರ ಹೆಸರಿನಲ್ಲಿ ಇಟ್ಟ ತಾಮ್ರದ ಚೊಂಬು, ಪಕ್ಕದಲ್ಲಿ ಗೋಣಿಚೀಲ ಹೊದಿಸಿದ ಒಂದು ಪೆಟ್ಟಿಗೆ. ಗೋಣಿ ತೆಗೆದಾಗ ಅದರ ಮುಂದೆ ಮಂಡಿಯೂರಿ ಕೂತುಬಿಟ್ಟೆ. ಅದು ಗ್ರಾಮೋಫೋನು ಅಲ್ಲ, ಅದಕ್ಕಿಂತ ಹಿಂದಿನ ಫೋನೋಗ್ರಾಫು. ಅದರಲ್ಲಿ ತಟ್ಟೆಯಿಲ್ಲ, ಮೇಣದ ಕೊಳವೆ ತಿರುಗುತ್ತದೆ. ಖಾಲಿ ಕೊಳವೆ ಹಾಕಿ ಕಹಳೆಯ ಮುಂದೆ ಮಾತಾಡಿದರೆ ನಮ್ಮ ದನಿಯನ್ನೂ ಕೊರೆದುಕೊಳ್ಳುತ್ತದೆ. ಅಲ್ಲಿಯವರೆಗೆ ಅದನ್ನು ನಾನು ಚಿತ್ರದಲ್ಲಷ್ಟೇ ನೋಡಿದ್ದೆ.

"ನಮ್ಮ ಮನಿಯವ್ರು ಇದರಾಗ ಅದಾರ್ರಿ," ಎಂದಳು ಮುದುಕಿ.

ಅವಳ ಗಂಡ ಇನಾಸ ಜೋಯಿಡಾ ಕಡೆಯ ಕಾಡಿನಲ್ಲಿ ಒಬ್ಬ ಬಿಳಿಯ ಅಧಿಕಾರಿಗೆ ಅಡಿಗೆ ಮಾಡಿ ಹಾಕುತ್ತಿದ್ದನಂತೆ. ಒಂದು ದಿನ ಆ ದೊರೆ ಇನಾಸನನ್ನು ಕಹಳೆಯ ಮುಂದೆ ನಿಲ್ಲಿಸಿ ಹಾಡಿಸಿದ. ದೇಶ ಬಿಟ್ಟು ಹೋಗುವಾಗ ಪೆಟ್ಟಿಗೆಯನ್ನೂ ಆ ಒಂದು ಕೊಳವೆಯನ್ನೂ ಅವನಿಗೇ ಕೊಟ್ಟ. ಮರುವರ್ಷ ಸಾಗವಾನಿ ದಿಮ್ಮಿ ಉರುಳಿ ಇನಾಸ ಸತ್ತ. ಜುಜೆ ಆಗ ಹೊಟ್ಟೆಯಲ್ಲಿದ್ದ. ಕೂಸು ಹುಟ್ಟುವ ಮೊದಲೇ ಪೆಟ್ಟಿಗೆಯೂ ಕೆಟ್ಟು ನಿಂತಿತು. ಮಗ ಅಪ್ಪನ ದನಿಯನ್ನು ಒಮ್ಮೆಯೂ ಕೇಳಿದವನಲ್ಲ.

"ಮಖಾ ನೆನಪೈತ್ರಿ. ದನಿ ಮರ್ತೇನಿ," ಎಂದಳು ಕತ್ರಿನ್‌ಬಾಯಿ. "ದಸರಾದಾಗ ಹಿರ್ಯಾರಿಗೆ ಎಡಿ ಹಿಡಿತೇವಿ. ಅವತ್ತೊಂದಿನಾ ಹಾಡಸ್ರಿ. ನಾ ಸಾಯೂದ್ರಾಗ ಒಮ್ಮಿ ಕೇಳ್ತೇನಿ. ಆಮ್ಯಾಲ ಬೇಕಾದ್ರ ಪೆಟ್ಟಿಗಿ ನೀವ ಇಟ್ಕೋರಿ."

ಆ ಕೊನೆಯ ಮಾತು ಕೇಳಿ ನನಗೆ ನಾಚಿಕೆಗಿಂತ ಆಸೆಯೇ ಹೆಚ್ಚಾಯಿತು ಎಂದು ಒಪ್ಪಿಕೊಳ್ಳುತ್ತೇನೆ. ಪೆಟ್ಟಿಗೆಯನ್ನು ಜುಜೆ ತಲೆಯ ಮೇಲೆ ಹೊತ್ತು ಬಸ್ಸಿನವರೆಗೆ ತಂದುಕೊಟ್ಟ. ಕೊಳವೆಯನ್ನು ಅರಿವೆಯಲ್ಲಿ ಸುತ್ತಿ ನಾನೇ ತೊಡೆಯ ಮೇಲೆ ಇಟ್ಟುಕೊಂಡೆ.

ಯಂತ್ರದಲ್ಲಿ ದೊಡ್ಡ ದೋಷವೇನೂ ಇರಲಿಲ್ಲ. ಸ್ಪ್ರಿಂಗಿನ ತುದಿ ಮುರಿದಿತ್ತು. ಕಾಯಿಸಿ, ಹೊಸ ತೂತು ಕೊರೆದು ಕೂಡಿಸಿದೆ. ನಾಲ್ಕನೆಯ ಸಂಜೆ ಕೊಳವೆ ಏರಿಸಿ ಚಾವಿ ಕೊಟ್ಟೆ. ಕೊಳವೆಯ ಮೈತುಂಬ ಬೂಷ್ಟು, ಹಾಗಾಗಿ ಒಗ್ಗರಣೆ ಸಿಡಿದಂತೆ ಸದ್ದು. ಅದರ ಹಿಂದಿನಿಂದ ಒಬ್ಬ ಹರೆಯದವನ ದನಿ ಬಂತು. ಕೊಂಕಣಿಯ ಹಾಡು, ನನಗೆ ಪದ ತಿಳಿಯಲಿಲ್ಲ. ಸೂಜಿ ಕೊಳವೆಯ ನಡುಮಧ್ಯಕ್ಕೆ ಬಂದಾಗ ಅವನಿಗೆ ಕೆಮ್ಮು ಬಂತು. ಎರಡು ಸಲ ಕೆಮ್ಮಿ, ನಕ್ಕು, ಮತ್ತೆ ಹಾಡಿದ. ಸತ್ತು ಐವತ್ತು ವರ್ಷವಾದವನ ಕೆಮ್ಮು. ನನ್ನ ಕಣ್ಣಲ್ಲಿ ನೀರು ಬಂದಿತ್ತು.

ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಬೂಷ್ಟು ಹೋದರೆ ದನಿ ಇನ್ನೂ ನಿಚ್ಚಳವಾದೀತು ಅನ್ನಿಸಿತು. ಯಂತ್ರದ ಭಾಗಗಳನ್ನೆಲ್ಲ ಸೀಮೆಎಣ್ಣೆಯಲ್ಲಿ ತೊಳೆದು ಹೊಳೆಯಿಸುವುದು ನನ್ನ ರೂಢಿ. ಕೈ ರೂಢಿಯಂತೆ ನಡೆಯಿತು. ಮೆತ್ತನೆಯ ಅರಿವೆಗೆ ಸೀಮೆಎಣ್ಣೆ ಹಚ್ಚಿಕೊಂಡು ಕೊಳವೆಯನ್ನು ತಿರುಗಿಸುತ್ತ ತಿರುಗಿಸುತ್ತ ಒರೆಸಿದೆ. ಅರಿವೆ ಕಂದಾಗುತ್ತಿತ್ತು. ಬೂಷ್ಟು ಬರುತ್ತಿದೆ ಎಂದು ಹಿಗ್ಗಿದೆ. ಬರುತ್ತಿದ್ದದ್ದು ಬೂಷ್ಟಲ್ಲ, ಮೇಣ. ಮೇಣ ಎಣ್ಣೆಗೆ ಕರಗುತ್ತದೆ ಎನ್ನುವಷ್ಟು ಬುದ್ಧಿ, ಊರಿಗೆಲ್ಲ ಯಂತ್ರಶಾಸ್ತ್ರ ಹೇಳುತ್ತಿದ್ದ ನನಗೆ ಆ ಗಳಿಗೆಯಲ್ಲಿ ಇರಲಿಲ್ಲ. ಒರೆಸಿ ಮುಗಿಸಿದಾಗ ಕೊಳವೆ ಎಣ್ಣೆ ಸವರಿದ ಬದನೆಕಾಯಿಯಂತೆ ನುಣ್ಣಗೆ ಮಿಂಚುತ್ತಿತ್ತು. ಒಂದು ಗೆರೆಯೂ ಉಳಿದಿರಲಿಲ್ಲ. ಹಾಕಿ ನೋಡಿದೆ. ಬರೀ ಸುಯ್ ಅನ್ನುವ ಸದ್ದು, ಮೊದಲಿನಿಂದ ಕೊನೆಯವರೆಗೆ.

ಮುಂದಿನ ದಿನಗಳನ್ನು ಹೇಗೆ ಕಳೆದೆನೋ. ಊಟ ಸೇರಲಿಲ್ಲ. ಇದ್ದದ್ದು ಇದ್ದಂತೆ ಹೇಳಬೇಕು ಎಂದು ಬೆಳಿಗ್ಗೆ ಎದ್ದರೆ, ಮೇಣ ಹಳೆಯದಾಗಿ ದನಿ ತಾನಾಗಿ ಹೋಗಿದೆ ಎಂದುಬಿಡೋಣ ಎಂದು ರಾತ್ರಿ ಮಲಗುತ್ತಿದ್ದೆ. ಕೊನೆಗೆ ಸುಳ್ಳೇ ಗೆದ್ದಿತು. ಹಾಕಿ ತೋರಿಸುವುದು, ಸದ್ದು ಕೇಳಿ ಅವರೇ ಆಸೆ ಬಿಡುತ್ತಾರೆ, ನಾನು ಲೊಚಗುಟ್ಟಿದರೆ ಸಾಕು. ಎಂಥ ಹೇಡಿಯಾಗಿದ್ದೆ ಎಂದು ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಎಡೆಯ ದಿನ ಭಾನುವಾರ. ಅವರು ಚರ್ಚಿಗೆ ಹೋಗುವ ಜನ, ಆದರೂ ಹಿರಿಯರಿಗೆ ಎಡೆ ಇಡುವುದನ್ನು ಬಿಟ್ಟವರಲ್ಲ. ನಾನು ಪೆಟ್ಟಿಗೆ ಹೊತ್ತು ಮುಟ್ಟುವ ಹೊತ್ತಿಗೆ ಚರ್ಚು ಮುಗಿಸಿ ಬಂದು, ಚೊಂಬಿನ ಮುಂದೆ ಬಾಳೆಲೆಯಲ್ಲಿ ಅನ್ನ, ಕೋಳಿಸಾರು ಬಡಿಸಿ ಕಾಯುತ್ತಿದ್ದರು. ಕೋಣೆಯಲ್ಲಿ ನಾವು ನಾಲ್ವರು: ಕತ್ರಿನ್‌ಬಾಯಿ, ಜುಜೆ, ಅವನ ಹೆಂಡತಿ, ನಾನು. ಹಿತ್ತಿಲ ಒಲೆಯ ಹತ್ತಿರ ಜುಜೆಯ ಸೊಸೆ ಮರಿಯಾ ಇದ್ದಳು. ಆ ಬೇಸಿಗೆಯಲ್ಲಷ್ಟೇ ಮುಂಡಗೋಡ ಕಡೆಯಿಂದ ಮದುವೆಯಾಗಿ ಬಂದ ಹುಡುಗಿ.

ಕೊಳವೆ ಏರಿಸಿ ಚಾವಿ ಕೊಟ್ಟೆ. ಸುಯ್ ಎಂದು ಶುರುವಾಯಿತು. ನಾನು ತಲೆ ತಗ್ಗಿಸಿ ಸೂಜಿಯನ್ನೇ ನೋಡುತ್ತ, ಹೇಳಬೇಕಾದ ಸುಳ್ಳನ್ನು ಒಳಗೊಳಗೇ ಹೊಂದಿಸಿಕೊಳ್ಳುತ್ತಿದ್ದೆ. ಸ್ವಲ್ಪ ಹೊತ್ತಾದ ಮೇಲೆ ತಲೆ ಎತ್ತಿದರೆ ಜುಜೆ ಅಳುತ್ತಿದ್ದ. ಕತ್ರಿನ್‌ಬಾಯಿ ಕಣ್ಣು ಮುಚ್ಚಿ, ನಿಧಾನವಾಗಿ ತಲೆ ತೂಗುತ್ತಿದ್ದಳು. ಪಾಪ, ಆಸೆ ಕಳೆದುಕೊಂಡು ಹೀಗಾದರು ಎಂದುಕೊಂಡೆ. ನನಗೆ ಕೇಳುತ್ತಿದ್ದದ್ದು ಆ ಒಂದೇ ಸದ್ದು.

ಅಷ್ಟರಲ್ಲಿ ಹಿತ್ತಿಲ ಬಾಗಿಲಿನಿಂದ ಮರಿಯಾ ಒಳಗೆ ಬಂದಳು. ಕೈಯಲ್ಲಿ ನೀರಿನ ಲೋಟ. ನಮ್ಮನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿ ಕೇಳಿದಳು: "ಯಾರಿಗ್ರಿ ಕೆಮ್ಮು ಬಂದಿದ್ದು?"

ಯಾರೂ ಕೆಮ್ಮಿರಲಿಲ್ಲ. ಸೂಜಿಯತ್ತ ನೋಡಿದೆ, ಅದು ಕೊಳವೆಯ ನಡುಮಧ್ಯ ದಾಟಿ ಕೂದಲೆಳೆಯಷ್ಟು ಮುಂದೆ ಹೋಗಿತ್ತು. ಕತ್ರಿನ್‌ಬಾಯಿ ಕಣ್ಣು ತೆರೆಯದೆಯೇ ಕೈ ಚಾಚಿ ಆ ಲೋಟ ಇಸಿದುಕೊಂಡು, ಕಹಳೆಯ ಮುಂದೆ ಇಟ್ಟಳು.

ಕೊಳವೆ ಮುಗಿದ ಮೇಲೆ ಜುಜೆ ಇನ್ನೊಮ್ಮೆ ಹಾಕಿ ಎಂದ. ಮುದುಕಿ ಬೇಡವೆಂದಳು. "ಸಾಕು. ಹೇಳೂದೆಲ್ಲಾ ಹೇಳ್ಯಾರ."

ಆ ಮನೆಯಲ್ಲಿ ಒಂದು ರೂಢಿ. ಹಿರಿಯರ ಮುಂದಿಟ್ಟ ಎಲೆಯನ್ನು ಆಮೇಲೆ ಮನೆಯಲ್ಲಿ ಎಲ್ಲರಿಗಿಂತ ದೊಡ್ಡವರೇ ಉಣ್ಣಬೇಕು, ಹೊರಗಿನವರಿಗೆ ಕೊಡುವಂತಿಲ್ಲ. ಅವತ್ತು ಅದು ಕತ್ರಿನ್‌ಬಾಯಿಯ ಪಾಲು. ಅವಳು ಆ ಎಲೆಯನ್ನು ಎರಡೂ ಕೈಯಲ್ಲಿ ಎತ್ತಿ ತಂದು ನನ್ನ ಮುಂದೆ ಇಟ್ಟಳು. ಜುಜೆಯ ಹೆಂಡತಿ ತಡೆಯಲು ಎದ್ದವಳು, ನನಗೆ ಕೈ ತೊಳೆಯಲು ನೀರು ತಂದಳು.

"ಬಾಯಿ, ಆ ಕೊಳವಿ..." ಎಂದು ನಾನು ಶುರುಮಾಡಿದೆ.

"ಅವ್ರು ಬೈಲಿಲ್ಲ ಯಪ್ಪಾ," ಎಂದಳು. ಅಲ್ಲಿಯವರೆಗೆ ನನ್ನನ್ನು ಸಾಹೇಬ್ರ ಎನ್ನುತ್ತಿದ್ದವಳು. "ತಂದಾಂವಗ ಉಣಿಸಿ ಕಳಸು, ಅಂವ ನಾಕ ದಿನದಿಂದ ಉಂಡಿಲ್ಲ ಅಂದ್ರು. ಉಣ್ಣು."

ನಾನು ಉಂಡೆ. ಒಂದು ಅಗುಳು ಬಿಡದೆ ಉಂಡೆ. ಒಪ್ಪಿಕೊಳ್ಳಬೇಕೆಂದು ಬಾಯಿಗೆ ಬಂದ ಮಾತು ಬಾಯಲ್ಲೇ ಉಳಿಯಿತು. ಪೆಟ್ಟಿಗೆಯನ್ನು ಒಯ್ಯಿ ಎಂದು ಜುಜೆ ಎಷ್ಟು ಹೇಳಿದರೂ ಕೇಳದೆ ಬರಿಗೈಯಲ್ಲಿ ಹೊರಟೆ. ಮರುವರ್ಷ ಮಳೆಗಾಲದಲ್ಲಿ ಕತ್ರಿನ್‌ಬಾಯಿ ತೀರಿಕೊಂಡಳೆಂದು ಹಳಿಯಾಳದ ಬಸ್‌ಸ್ಟ್ಯಾಂಡಿನಲ್ಲಿ ಭೇಟಿಯಾದ ಜುಜೆ ಹೇಳಿದ. ಪೆಟ್ಟಿಗೆಯ ಸುದ್ದಿ ಅವನೂ ಎತ್ತಲಿಲ್ಲ, ನಾನೂ ಕೇಳಲಿಲ್ಲ.

ಎಷ್ಟೋ ವರ್ಷ ಅವತ್ತು ನಡೆದದ್ದನ್ನು ಮನಸ್ಸಿನಲ್ಲೇ ಬಿಚ್ಚಿ ನೋಡಿದ್ದೇನೆ. ಕೊಳವೆಗೆ ಸೀಮೆಎಣ್ಣೆಯ ವಾಸನೆ ಇದ್ದೇ ಇತ್ತು. ಜಾಣೆಯಾದ ಮುದುಕಿ ಅದನ್ನು ಮೂಸಿಯೇ ನಡೆದದ್ದನ್ನು ತಿಳಿದಿರಬಹುದು. ನನ್ನ ಇಳಿದ ಮುಖ ನೋಡಿ ಊಟ ಬಿಟ್ಟವನೆಂದು ಅರಿತಿರಬಹುದು. ಜುಜೆ ಅತ್ತದ್ದು ದನಿ ಕೇಳಿಯೋ, ಕೇಳದೆಯೋ, ಯಾರು ಹೇಳಬಲ್ಲರು? ಇಷ್ಟಕ್ಕೆಲ್ಲ ನನ್ನ ಹತ್ತಿರ ಸಮಾಧಾನ ಇದೆ. ಹೊರಗಿದ್ದ ಮರಿಯಾ ನೀರು ಹಿಡಿದು ಒಳಗೆ ಬಂದದ್ದಕ್ಕೆ ಮಾತ್ರ ಇಲ್ಲ. ಆ ಕೆಮ್ಮನ್ನು ನಾನು ಯಾರಿಗೂ ಹೇಳಿರಲಿಲ್ಲ. ಅತ್ತೆಯ ಮನೆಯಲ್ಲಿ ಅದರ ಮಾತು ಎಂದಾದರೂ ಬಂದಿತ್ತೇ ಎಂದು ಹೊರಡುವಾಗ ಅವಳನ್ನೇ ಕೇಳಿದ್ದೆ. ಇಲ್ಲ ಎಂದಿದ್ದಳು.

ಅವತ್ತು ಇನಾಸ ನಿಜವಾಗಿ ಹಾಡಿದನೆಂದರೆ, ಆ ಮನೆಯಲ್ಲಿ ಅದು ಕೇಳಿಸದೆ ಹೋದದ್ದು ನನಗೊಬ್ಬನಿಗೇ. ಹಾಡಲಿಲ್ಲವೆಂದರೆ, ಗಂಡನ ದನಿಯನ್ನು ನಾನು ಒರೆಸಿಹಾಕಿದ್ದೇನೆಂದು ಗೊತ್ತಿದ್ದೂ ಒಬ್ಬ ಮುದುಕಿ ನನ್ನ ಮುಂದೆ ಕೂತು, ಅವನ ಎಲೆಯಲ್ಲಿ ನನಗೆ ಉಣಬಡಿಸಿದಳು. ಇವೆರಡರಲ್ಲಿ ಯಾವುದು ನಿಜವೋ ನಾನರಿಯೆ. ಎರಡನೆಯದೇ ನಿಜವಿದ್ದರೆ ಎಂದು ನೆನೆದಾಗ ನನಗೆ ಹೆಚ್ಚು ಭಯವಾಗುತ್ತದೆ.