ಹೋಟೆಲಿನ ಕಡೆಯಿಂದ ಕೇಳಿದ ಸೌಟಿನ ಸದ್ದು

ಸತ್ತವರು ಬರುತ್ತಾರೆ, ಉಣ್ಣುತ್ತಾರೆ ಎಂದು ಯಾರಾದರೂ ಮಾತು ತೆಗೆದರೆ ನಾನು ಎದ್ದು ಹೋಗುತ್ತಿದ್ದೆ. ಈಗಲೂ ಅದನ್ನೆಲ್ಲ ನಂಬಿದ್ದೇನೆಂದು ಹೇಳಲಾರೆ. ಆದರೆ ತೊಂಬತ್ತರ ದಶಕದ ಕೊನೆಯಲ್ಲಿ ವೇಣೂರಿನ ಅಜ್ಜನ ಮನೆಯಲ್ಲಿ ನಡೆದದ್ದನ್ನು ನಡೆದ ಹಾಗೆಯೇ ಹೇಳುತ್ತೇನೆ. ಉಳಿದದ್ದು ನಿಮಗೆ ಬಿಟ್ಟದ್ದು.

ಮೊದಲು ಅಜ್ಜಿಯ ವಿಷಯ ಹೇಳಬೇಕು. ಪೇಟೆಯಲ್ಲಿ ಅವರದೊಂದು ಸಣ್ಣ ಹೋಟೆಲಿತ್ತು. ಎದುರು ಹೋಟೆಲು, ಹಿಂದೆ ಮನೆ. ನಡುವಿನ ಗೋಡೆಯಲ್ಲಿ ತಿಂಡಿ ದಾಟಿಸಲು ಒಂದು ಕಿಂಡಿ. ಅಜ್ಜ ಗಲ್ಲಾದಲ್ಲಿ, ಅಜ್ಜಿ ಒಲೆಯ ಮುಂದೆ. ಮೊದಲ ಬಸ್ಸಿನ ಡ್ರೈವರಿಗೆ ಚಹಾಕ್ಕೆ ಸಕ್ಕರೆ ಕಡಿಮೆ ಎಂಬುದು ಅವನ ಮುಖ ನೋಡದೆಯೇ ಅವಳಿಗೆ ಗೊತ್ತಾಗುತ್ತಿತ್ತು. ನನ್ನ ಅಮ್ಮನನ್ನು ಆ ಒಲೆಯ ಬುಡದಲ್ಲೇ ಬೆಳೆಸಿದಳು, ಆಮೇಲೆ ರಜೆಗೆ ಬಂದ ನನ್ನನ್ನೂ. ಎಲ್ಲರಿಗೂ ಬಡಿಸಿ, ಕೊನೆಗೆ ನಿಂತುಕೊಂಡೇ ಎರಡು ತುತ್ತು ತಿನ್ನುತ್ತಿದ್ದಳು.

ಗಂಡನನ್ನು ಹೆಸರು ಹಿಡಿದು ಕರೆಯುವ ಕ್ರಮ ಅವಳದಲ್ಲ. ಅಜ್ಜ ಒಳಗೆ ಬರಬೇಕಾದರೆ ಸೌಟಿನಿಂದ ಪಾತ್ರೆಯ ಅಂಚಿಗೆ ಬಡಿಯುತ್ತಿದ್ದಳು: ಒಮ್ಮೆ ಜೋರಾಗಿ, ಒಮ್ಮೆ ಮೆಲ್ಲಗೆ. ಎಷ್ಟೇ ಗಿರಾಕಿಗಳಿದ್ದರೂ ಅಜ್ಜ ಎದ್ದು ಹೋಗುತ್ತಿದ್ದರು.

"ಹೋಗಿ ಧನಿಗಳೇ, ನಿಮ್ಮ ಬೆಲ್ ಆಯ್ತು," ಎಂದು ಬಸ್ಸಿಗೆ ಕಾಯುವವರು ನಗುತ್ತಿದ್ದರು.

ಅಜ್ಜನ ಕಿವಿ ಪೂರ್ತಿ ಮಂದವಾದ ಮೇಲೆ ಆ ಸದ್ದು ನಿಂತಿತು. ಅವಳೇ ಬಂದು ಅವರ ಭುಜ ಮುಟ್ಟತೊಡಗಿದಳು.

ಅಜ್ಜಿ ತೀರಿಕೊಂಡಾಗ ಹೋಟೆಲು ಮುಚ್ಚಿತು. ಆ ಮಳೆಗಾಲ, ಆಟಿ ತಿಂಗಳಲ್ಲಿ, ನಮ್ಮ ಕಡೆಯ ಕ್ರಮದಂತೆ ಅವಳಿಗೆ ಬಡಿಸುವುದೆಂದಾಯಿತು. ಬಾಳೆಎಲೆಯಲ್ಲಿ ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ಬಾಗಿಲು ಎಳೆದು, ಎಲ್ಲರೂ ಸ್ವಲ್ಪ ಹೊತ್ತು ಹೊರಗೆ ನಿಲ್ಲಬೇಕು. ಅವರು ಉಣ್ಣುವುದನ್ನು ಬದುಕಿರುವವರು ನೋಡಬಾರದು. ನಾನಾಗ ಮೂಡುಬಿದಿರೆಯಲ್ಲಿ ಬಿ.ಎಸ್ಸಿ. ಓದುತ್ತಿದ್ದೆ. ಅಮ್ಮನ ಒತ್ತಾಯಕ್ಕೆ ಬಂದಿದ್ದೆ.

ಸಂಜೆ ಅಡುಗೆಮನೆಯಲ್ಲಿ ದೀಪ ಹಚ್ಚಿ, ಒಲೆಯ ಎದುರು ಎಲೆ ಹಾಕಿದರು. ಅಜ್ಜಿಯ ಸೌಟಿನಿಂದಲೇ ಅಮ್ಮ ಕೋಳಿ ಪದಾರ್ಥ ಬಡಿಸಿ, ಸೌಟನ್ನು ಎಲೆಯ ಪಕ್ಕದಲ್ಲಿಟ್ಟಳು. ಎಲ್ಲರೂ ಹಿತ್ತಿಲಿಗೆ ಇಳಿದರು. ಅಜ್ಜ ಮಾತ್ರ ಮಣೆ ಬಿಟ್ಟು ಏಳಲಿಲ್ಲ.

"ಅಪ್ಪಾ, ಏಳಿ! ನೀವು ಹೀಗೆ ಕಾವಲು ಕೂತರೆ ಅಮ್ಮ ಉಣ್ಣುವುದು ಹೇಗೆ?" ಎಂದು ಅಮ್ಮ ಅವರ ಕಿವಿಯ ಹತ್ತಿರ ಕೂಗಿದಳು.

"ಅವಳು ಕೂತು ಉಂಡದ್ದನ್ನು ನಾನು ಒಮ್ಮೆಯೂ ನೋಡ್ಲಿಲ್ಲ," ಎಂದರು ಅಜ್ಜ. "ಇವತ್ತಾದರೂ ನೋಡ್ತೇನೆ. ನೀನು ಹೋಗು."

"ನಾನು ಕೂತುಕೊಳ್ತೇನೆ ಇವರ ಜೊತೆ," ಎಂದೆ. ಅಮ್ಮ ನನ್ನನ್ನು ದುರುಗುಟ್ಟಿ ನೋಡಿ, "ನಿನ್ನ ಕಾಲೇಜು ಇಲ್ಲಿ ಬೇಡ ಮಾರಾಯ," ಎಂದು ಗೊಣಗುತ್ತ ಬಾಗಿಲು ಎಳೆದುಕೊಂಡಳು.

ಹೊರಗೆ ಮಳೆ ನಿಂತಿತ್ತು. ಅಜ್ಜ ಎಲೆಯನ್ನೇ ನೋಡುತ್ತಿದ್ದರು. ನನಗೆ ನಿದ್ದೆ ಬರುವ ಹಾಗಿತ್ತು. ಆಗ ಸದ್ದು ಕೇಳಿತು. ಒಮ್ಮೆ ಜೋರಾಗಿ, ಒಮ್ಮೆ ಮೆಲ್ಲಗೆ. ಕಿಂಡಿಯ ಆಚೆಯಿಂದ, ಮುಚ್ಚಿದ ಹೋಟೆಲಿನ ಒಳಗಿನಿಂದ.

ನಾನು ಅಲುಗಾಡಲಿಲ್ಲ. ಎದ್ದದ್ದು ಅಜ್ಜ. ಕಿವಿಯ ಹತ್ತಿರ ಕೂಗಿದರೆ ಮಾತ್ರ ಕೇಳುತ್ತಿದ್ದ ಅಜ್ಜ, ಅಭ್ಯಾಸವಾದವರ ಹಾಗೆ ಮಂಡಿಗೆ ಕೈ ಊರಿ ಎದ್ದು, ನಡುವಿನ ಬಾಗಿಲು ತೆರೆದು ಹೋಟೆಲಿಗೆ ಕಾಲಿಟ್ಟರು. ಕತ್ತಲಲ್ಲಿ ಬಿದ್ದಾರೆಂದು ನಾನೂ ಹಿಂದೆ ಓಡಿದೆ. ಹೊಸ್ತಿಲು ದಾಟಿ ಅವರ ತೋಳು ಹಿಡಿದೆ, ಅಷ್ಟೆ. ನಮ್ಮ ಹಿಂದೆ ಅಡುಗೆಮನೆಯ ಅಟ್ಟ ಕುಸಿದು ಬಿತ್ತು. ಮೇಲಿದ್ದ ಕಟ್ಟಿಗೆ, ತೆಂಗಿನಕಾಯಿ, ಹೋಟೆಲಿನ ದೊಡ್ಡ ತಾಮ್ರದ ಹಂಡೆ, ಎಲ್ಲವೂ. ದೀಪ ಆರಿತು. ಹೊರಗಿನಿಂದ ಅಮ್ಮ ಕಿರುಚಿದ್ದು ಈಗಲೂ ಕಿವಿಯಲ್ಲುಂಟು.

ಟಾರ್ಚು ಹಿಡಿದು ನೋಡಿದಾಗ ಹೋಟೆಲಿನಲ್ಲಿ ಯಾರೂ ಇರಲಿಲ್ಲ. ರಸ್ತೆಯ ಕಡೆಯ ಹಲಗೆಗಳಿಗೆ ಒಳಗಿನಿಂದ ಅಗಳಿ ಹಾಕಿದ ಹಾಗೆಯೇ ಇತ್ತು. ಬೆಂಚುಗಳ ಮೇಲೆ ಧೂಳು. ಒಂದು ಪಾತ್ರೆಯೂ ಅಲ್ಲಿರಲಿಲ್ಲ. ಅಡುಗೆಮನೆಯಲ್ಲಿ ಅಜ್ಜ ಕೂತಿದ್ದ ಮಣೆ ಹಂಡೆಯ ಅಡಿಯಲ್ಲಿ ಎರಡು ಹೋಳಾಗಿತ್ತು. ಸೌಟು ಎಲೆಯ ಪಕ್ಕದಲ್ಲೇ ಬಗ್ಗಿ ಬಿದ್ದಿತ್ತು. ಹಿತ್ತಿಲಲ್ಲಿದ್ದ ಯಾರಿಗೂ ಸೌಟಿನ ಸದ್ದು ಕೇಳಿರಲಿಲ್ಲ.

ಗೆದ್ದಲು ಹಿಡಿದ ತೊಲೆ, ಮಳೆಗೆ ನೆನೆದ ಗೋಡೆ. ಅಟ್ಟ ಬಿದ್ದದ್ದಕ್ಕೆ ಕಾರಣವುಂಟು. ಬೀಳುವ ಮೊದಲು ಹಂಡೆ ಜಾರಿ ಸದ್ದಾಗಿರಬಹುದು ಎಂದೂ ನನಗೆ ನಾನೇ ಹೇಳಿಕೊಂಡಿದ್ದೇನೆ. ಆದರೆ ಹಂಡೆ ಇದ್ದದ್ದು ನಮ್ಮ ತಲೆಯ ಮೇಲೆ. ಸದ್ದು ಬಂದದ್ದು ಆಚೆಯಿಂದ. ಮೇಲಾಗಿ, ಅದು ಅಜ್ಜನ ಕಿವಿಗೂ ಬಿದ್ದಿತ್ತು.

ಅಜ್ಜ ಆಮೇಲೆ ಕೆಲವು ವರ್ಷ ಬದುಕಿದ್ದರು. ನಿಮಗೆ ನಿಜವಾಗಿ ಕೇಳಿತಾ ಎಂದು ಒಂದು ದಿನ ಅವರ ಕಿವಿಯಲ್ಲಿ ಕೂಗಿದೆ. "ಅವಳು ಯಾವತ್ತಾದರೂ ಸುಮ್ಮನೆ ಕರೆದದ್ದುಂಟಾ?" ಎಂದಷ್ಟೇ ಹೇಳಿ ಎಲೆ ಅಡಿಕೆಗೆ ಸುಣ್ಣ ಹಚ್ಚತೊಡಗಿದರು.

ಈಗ ಆಟಿಯಲ್ಲಿ ಅಜ್ಜಿಯ ಎಲೆಯ ಪಕ್ಕದಲ್ಲಿ ಅಜ್ಜನಿಗೂ ಒಂದು ಎಲೆ ಹಾಕುತ್ತೇವೆ. ಬಡಿಸಿ ಆದ ಕೂಡಲೇ ಎಲ್ಲರಿಗಿಂತ ಮೊದಲು ಹಿತ್ತಿಲಿಗೆ ಇಳಿಯುವವನು ನಾನು. ನಂಬಿಕೆಯೋ ಹೆದರಿಕೆಯೋ, ನನಗೇ ತಿಳಿಯದು. ಬಾಗಿಲು ತೆರೆಯುವವರೆಗೆ ಕಿವಿ ಮಾತ್ರ ಹೋಟೆಲಿನ ಕಡೆಗೇ ಇರುತ್ತದೆ.